ನಿಮ್ಮ ಕೈಗೆ ಬರುವ ಕಸುಬು ಯಾವುದು?



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಈ ಸೀಮೆಯನ್ನು ಹಳೆಯ ಶಾಸನಗಳು ಕೋಗಳಿನಾಡು ಎಂದು ಕರೆಯುತ್ತವೆ. ನೊಳಂಬವಾಡಿಯ ಅಂಗವಾಗಿದ್ದ 'ಕೋಗಳಿ ಐನೂರು' ಎಂಬುದು ಇದೇ. ಕೋಗಳಿಯ ಜೈನ ಬಸದಿ, ಬಾಗಳಿಯ ಕಲ್ಲೇಶ್ವರ, ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯಗಳ ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಕಲ್ಲಿನಲ್ಲಿ ಹೆಸರು ಕೆತ್ತಿಸಿಕೊಂಡವರ ಚರಿತ್ರೆ ಹೇಗೋ ಉಳಿಯುತ್ತದೆ. ಆದರೆ ಇದೇ ನೆಲದಲ್ಲಿ ಒಂದೆಡೆ ನೆಲೆಯೂರದೆ, ಎತ್ತಿನ ಬೆನ್ನ ಮೇಲೆ ಹೇರು ಹೊರಿಸಿಕೊಂಡು ಬದುಕಿದ ಲಂಬಾಣಿಗರ, ಬುಟ್ಟಿ ಹೆಣೆಯುತ್ತ ಉಪ್ಪು ಮಾರುತ್ತ ಸಂಚರಿಸಿದ ಕೊರಚರ ಚರಿತ್ರೆಯೂ ಇದೆ. ಅದು ಶಾಸನಗಳಲ್ಲಿ ಇಲ್ಲ. ಹೆಚ್ಚಾಗಿ ಪೊಲೀಸ್ ದಾಖಲೆಗಳಲ್ಲಿ ಇದೆ. ಹಾಗೇಕಾಯಿತೆಂಬುದನ್ನು ಅರಿಯದೆ, ಇಂದು ತಾಂಡಾಗಳಲ್ಲಿ ವೃತ್ತಿ ಪುನರ್ವಸತಿಯ ಕೆಲಸಕ್ಕೆ ಕೈಹಾಕುವುದು ಕಷ್ಟವೆಂಬುದು ನನ್ನ ಭಾವನೆ.

'ವೃತ್ತಿ ಪುನರ್ವಸತಿ ಸಲಹೆಗಾರ' ಎಂಬ ಪದವೇ ನಮ್ಮಲ್ಲಿ ಅನೇಕರಿಗೆ ಅಪರಿಚಿತ. ಅಪಘಾತ, ರೋಗ, ಹುಟ್ಟು ಅಂಗವೈಕಲ್ಯ ಇಲ್ಲವೇ ಸಾಮಾಜಿಕ ದುರಂತದಿಂದಾಗಿ ದುಡಿಮೆಯಿಂದ ದೂರವಾದವರ ಬಳಿಗೆ ಹೋಗಿ, ಅವರಲ್ಲಿ ಉಳಿದಿರುವ ಶಕ್ತಿ ಯಾವುದು, ಮನಸ್ಸು ಯಾವುದರ ಕಡೆಗಿದೆ, ಸುತ್ತಲಿನ ಊರಿನಲ್ಲಿ ಅದಕ್ಕೆ ಬೆಲೆ ಎಲ್ಲಿದೆ ಎಂಬುದನ್ನು ಅವರೊಂದಿಗೇ ಕುಳಿತು ಕಂಡುಕೊಳ್ಳುವವರು ಇವರು. ಕೆಲಸ ಕೊಡಿಸಿದೊಡನೆ ಇವರ ಹೊಣೆ ಮುಗಿಯುವುದಿಲ್ಲ. ಆ ಕೆಲಸ ಅವರಿಗೆ ಒಗ್ಗಿತೇ ಎಂದು ಮತ್ತೆ ಮತ್ತೆ ಹೋಗಿ ನೋಡಬೇಕು. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಯು ವೃತ್ತಿ ಸಲಹೆಗಾರರನ್ನೂ ಪುನರ್ವಸತಿ ಸಲಹೆಗಾರರನ್ನೂ ಪುನರ್ವಸತಿ ವೃತ್ತಿಪರರ ಸಾಲಿಗೆ ಸೇರಿಸಿದೆ. ಆದರೆ ಕಸುಬು ಕಳೆದುಕೊಂಡವರಿಗೆ ಕಸುಬು ಕೊಡುವ ಪ್ರಯತ್ನ ನಮ್ಮ ನಾಡಿನಲ್ಲಿ ಅದಕ್ಕಿಂತ ಬಹಳ ಹಿಂದೆಯೇ ಆರಂಭವಾಗಿತ್ತು, ಮತ್ತು ಅದರಲ್ಲಿ ಕ್ರೈಸ್ತ ಸಭೆಗಳ ಪಾಲೂ ಇತ್ತು. ಅದು ಹೆಮ್ಮೆಪಡುವಷ್ಟು ಸರಳವಾದ ಕಥೆಯಲ್ಲ.

ಮೊದಲು ಕಸುಬು ಹೇಗೆ ಹೋಯಿತೆಂಬುದನ್ನು ನೋಡೋಣ.

1800ರಲ್ಲಿ ಬಳ್ಳಾರಿ ಸೀಮೆಯು ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದಿತು. ಥಾಮಸ್ ಮನ್ರೋ ಇಲ್ಲಿಯ ಪ್ರಧಾನ ಕಲೆಕ್ಟರನಾಗಿ ಬಂದು 1807ರವರೆಗೆ ಇದ್ದನು. ಹರಪನಹಳ್ಳಿ, ಗುಡೇಕೋಟೆ, ಜರಿಮಲೆಗಳಲ್ಲಿ ಆಳಿದ ಬೇಡ ನಾಯಕ ಪಾಳೆಯಗಾರರ ಆಡಳಿತ ಕೊನೆಗೊಂಡಿತು. ಅವರನ್ನು ನಂಬಿ ಬದುಕಿದ್ದ ಕಾಲಾಳುಗಳು ಕತ್ತಿ ಬಿಟ್ಟು ನೇಗಿಲು ಹಿಡಿಯಬೇಕಾಯಿತು. ಅವರ ವಂಶಸ್ಥರಾದ ನಾಯಕ ಸಮುದಾಯವು 1991ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದು, ಕೋಗಳಿ ಸೀಮೆಯ ಬುಡಕಟ್ಟು ಜನರಲ್ಲಿ ಅವರದೇ ದೊಡ್ಡ ಸಂಖ್ಯೆ.

ಲಂಬಾಣಿಗರ ಪಾಡು ಬೇರೆ. ಕಂಪನಿಗೆ ಅವರು ಮೊದಮೊದಲು ಬೇಕಾದವರಾಗಿದ್ದರು. 1791-92ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಶ್ರೀರಂಗಪಟ್ಟಣದ ಮೇಲೆ ಸಾಗಿದಾಗ, ಮುಂದೆ ಆರ್ಥರ್ ವೆಲ್ಲೆಸ್ಲಿಯ ದಂಡಯಾತ್ರೆಗಳಲ್ಲಿ, ಸಾವಿರಾರು ಎತ್ತುಗಳ ಮೇಲೆ ಧಾನ್ಯ ಹೊತ್ತು ಸೈನ್ಯಕ್ಕೆ ಅನ್ನ ಮುಟ್ಟಿಸಿದವರು ಇವರೇ. ಶಾಂತಿಕಾಲದಲ್ಲಿ ಕರಾವಳಿಯ ಉಪ್ಪನ್ನು ಘಟ್ಟ ಹತ್ತಿಸಿ ಬಯಲುಸೀಮೆಗೆ ತಂದು, ಇಲ್ಲಿಯ ಧಾನ್ಯವನ್ನು ಅತ್ತ ಒಯ್ಯುತ್ತಿದ್ದರು. ಗಾಡಿ ಹೋಗದ ದಾರಿಯಲ್ಲಿ ಅವರ ಎತ್ತು ಹೋಗುತ್ತಿತ್ತು. ಕೊರಚರು ಇದೇ ವ್ಯಾಪಾರವನ್ನು ಇನ್ನೂ ಚಿಕ್ಕ ಪ್ರಮಾಣದಲ್ಲಿ, ಕತ್ತೆ ಎತ್ತುಗಳ ಮೇಲೆ, ಒಂದೊಂದು ಹಳ್ಳಿಯ ಬಾಗಿಲಿಗೂ ತಲುಪಿಸುತ್ತಿದ್ದರು.

ಅನಂತರ ಉಪ್ಪಿನ ಮೇಲೆ ಸರ್ಕಾರದ ಏಕಸ್ವಾಮ್ಯ ಮತ್ತು ತೆರಿಗೆ ಬಂದವು. ರೈಲು ಬಂದಿತು. 1876-78ರ ಭೀಕರ ಬರಗಾಲದಲ್ಲಿ ಬಳ್ಳಾರಿ ಜಿಲ್ಲೆಯ ಜನ ಸತ್ತಂತೆ ದನಗಳೂ ಸತ್ತವು. ಎತ್ತೇ ಬಂಡವಾಳವಾಗಿದ್ದವರಿಗೆ ಉಳಿದದ್ದೇನು? 1882ರ ಮದ್ರಾಸ್ ಅರಣ್ಯ ಕಾಯ್ದೆ ಬಂದ ಮೇಲೆ ಬಿದಿರು, ಈಚಲು, ಹುಲ್ಲು ಎಲ್ಲಕ್ಕೂ ಅಪ್ಪಣೆ ಬೇಕಾಯಿತು. 1905ರಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ರೈಲು ಹಳಿ ಬಂದಾಗ, ಊರಿನ ವರ್ತಕರಿಗೆ ಅದು ಸಂಭ್ರಮವೇ ಸರಿ. ಆದರೆ ಎತ್ತಿನ ಹೇರಿನ ಸರಕನ್ನು ಕಾಯುವವರು ಅದಾಗಲೇ ಯಾರೂ ಇರಲಿಲ್ಲ.

ಕಸುಬು ಕಳೆದುಕೊಂಡ ಜನ ಊರಿಂದೂರಿಗೆ ಅಲೆದಾಗ ಸರ್ಕಾರಕ್ಕೆ ಕಂಡದ್ದು ಹಸಿವಲ್ಲ, ಅಪರಾಧ. 1871ರಲ್ಲಿ ಉತ್ತರ ಭಾರತಕ್ಕೆ ಅನ್ವಯಿಸಿದ್ದ 'ಅಪರಾಧಿ ಬುಡಕಟ್ಟುಗಳ ಕಾಯ್ದೆ'ಯನ್ನು 1911ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೂ, ಎಂದರೆ ಬಳ್ಳಾರಿ ಜಿಲ್ಲೆಗೂ, ವಿಸ್ತರಿಸಲಾಯಿತು. ಒಂದು ಸಮುದಾಯವನ್ನು ಪಟ್ಟಿಗೆ ಸೇರಿಸಿದರೆ ಸಾಕು, ಅದರ ಸದಸ್ಯನು ಏನೂ ಮಾಡದಿದ್ದರೂ ಬೆರಳಚ್ಚು ಕೊಡಬೇಕು, ಕರೆದಾಗ ಹಾಜರಿ ಹಾಕಬೇಕು, ಊರು ಬಿಡುವುದಾದರೆ ತಿಳಿಸಬೇಕು. ಕೊರಚರ ಗುಂಪುಗಳು ಈ ಪಟ್ಟಿಗೆ ಸೇರಿದವು. ದೇಶದ ವಿವಿಧ ಪ್ರಾಂತ್ಯಗಳಲ್ಲಿ ಲಂಬಾಣಿಗರ ಗುಂಪುಗಳೂ ಸೇರಿದವು. ಅದೇ ಕಾಯ್ದೆಯು ಸರ್ಕಾರಕ್ಕೆ ಇನ್ನೊಂದು ಅಧಿಕಾರವನ್ನೂ ನೀಡಿತು: ಇಂಥವರನ್ನು 'ಸೆಟ್ಲ್‌ಮೆಂಟ್' ಎಂಬ ವಸಾಹತುಗಳಲ್ಲಿ ಇರಿಸಿ ದುಡಿಮೆ ಕಲಿಸುವುದು, ಅಗತ್ಯ ಕಂಡರೆ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಕೈಗಾರಿಕಾ ಶಾಲೆಗಳಿಗೆ ಸೇರಿಸುವುದು.

ಇಲ್ಲಿಗೆ ಮಿಶನ್ ಸಂಸ್ಥೆಗಳು ಪ್ರವೇಶಿಸುತ್ತವೆ. ವಸಾಹತುಗಳನ್ನು ನಡೆಸಲು ಸರ್ಕಾರಕ್ಕೆ ಜನ ಬೇಕಿತ್ತು. ರಕ್ಷಣ್ಯ ಸೇನೆಯ ಫ್ರೆಡರಿಕ್ ಬೂತ್ ಟಕ್ಕರ್ 1908ರ ಸುಮಾರಿಗೆ ಗೋರಖಪುರದಲ್ಲಿ ಇಂಥ ವಸಾಹತನ್ನು ಆರಂಭಿಸಿದ್ದರು. ಮುಂದೆ ಗುಂಟೂರು ಸೀಮೆಯ ಸ್ಟುವರ್ಟ್‌ಪುರಂನಲ್ಲಿ ರಕ್ಷಣ್ಯ ಸೇನೆಯವರು ಎರುಕುಲರನ್ನು ನೆಲೆಗೊಳಿಸಿದರು. ಈ ಎರುಕುಲರು ನಮ್ಮ ಕೊರಚರ ಬಂಧುಗಳೇ. ಇತ್ತ ತುಂಗಭದ್ರೆಯನ್ನು ದಾಟಿದರೆ ಹಡಗಲಿಯ ಆಚೆ ದಡ ಅಂದು ಮುಂಬಯಿ ಪ್ರಾಂತ್ಯ. ಅಲ್ಲಿ ಐ.ಸಿ.ಎಸ್. ಅಧಿಕಾರಿ ಓ.ಎಚ್.ಬಿ. ಸ್ಟಾರ್ಟ್ ಎಂಬವರು ಬಿಜಾಪುರದಲ್ಲಿ ಮೊದಲ ವಸಾಹತನ್ನು ಆರಂಭಿಸಿ, ಬಳಿಕ ಇಡೀ ಪ್ರಾಂತ್ಯದ ಸೆಟ್ಲ್‌ಮೆಂಟ್ ಅಧಿಕಾರಿಯಾದರು. ಸೊಲ್ಲಾಪುರದ ವಸಾಹತು ಅಮೆರಿಕನ್ ಮರಾಠಿ ಮಿಶನ್ನಿನ ಕೈಯಲ್ಲಿತ್ತು, ಹುಬ್ಬಳ್ಳಿಯದು ಎಸ್.ಪಿ.ಜಿ. ಎಂಬ ಆಂಗ್ಲಿಕನ್ ಮಿಶನ್ನಿನ ಕೈಯಲ್ಲಿ. ಹುಬ್ಬಳ್ಳಿಯಲ್ಲಿಯೂ ಗದಗ-ಬೆಟಗೇರಿಯಲ್ಲಿಯೂ ಇಂದಿಗೂ 'ಸೆಟ್ಲ್‌ಮೆಂಟ್' ಎಂಬ ಬಡಾವಣೆಗಳಿವೆ. ತಾವು ಆ ದಾರಿಯಲ್ಲಿ ಹೋಗಿದ್ದರೆ ಆ ಹೆಸರಿನ ಮೂಲ ಇದೇ ಎಂದು ತಿಳಿಯಿರಿ.

ಈ ವಸಾಹತುಗಳಲ್ಲಿ ನಡೆದದ್ದೇನು? ನ್ಯಾಯವಾಗಿ ಹೇಳಬೇಕೆಂದರೆ, ಶಾಲೆ ಇತ್ತು, ಔಷಧಾಲಯ ಇತ್ತು, ಮಗ್ಗ ಮತ್ತು ಬಡಗಿ ಕೆಲಸದ ತರಬೇತಿ ಇತ್ತು. ಹುಬ್ಬಳ್ಳಿಯಲ್ಲಿ ನೂಲಿನ ಗಿರಣಿ ಮತ್ತು ರೈಲ್ವೆ ಕಾರ್ಖಾನೆಗಳಲ್ಲಿ ದುಡಿಮೆ ಸಿಕ್ಕಿತು. ಸ್ಟುವರ್ಟ್‌ಪುರಂನವರಿಗೆ ಚೀರಾಲದ ತಂಬಾಕು ಕಾರ್ಖಾನೆಯ ಕೂಲಿ ದೊರೆಯಿತು. ಅಲ್ಲಿ ದುಡಿದ ಮಿಶನರಿಗಳಲ್ಲಿ ನಿಸ್ವಾರ್ಥಿಗಳು ಇದ್ದರೆಂಬುದರಲ್ಲಿ ಸಂದೇಹವಿಲ್ಲ. ಸ್ಟಾರ್ಟ್ ಅವರೂ ಕಠೋರ ಮನುಷ್ಯರೇನಲ್ಲ. 1928ರಲ್ಲಿ ನೇಮಕಗೊಂಡು 1930ರಲ್ಲಿ ವರದಿ ಕೊಟ್ಟ, ಹಿಂದುಳಿದ ವರ್ಗಗಳ ಹಾಗೂ ಮೂಲನಿವಾಸಿ ಬುಡಕಟ್ಟುಗಳ ಕುರಿತ ಮುಂಬಯಿ ಸರ್ಕಾರದ ಸಮಿತಿಗೆ ಅವರು ಅಧ್ಯಕ್ಷರು, ಡಾ. ಬಿ.ಆರ್. ಅಂಬೇಡ್ಕರರು ಅದರ ಸದಸ್ಯರು.

ಆದರೂ ಅಲ್ಲಿ ಹಾಜರಿ ಇತ್ತು. ಬಿಟ್ಟು ಹೋದರೆ ಶಿಕ್ಷೆ ಇತ್ತು. ಸೊಲ್ಲಾಪುರದಲ್ಲಿ ವಸಾಹತಿನ ಸುತ್ತ ಮುಳ್ಳುತಂತಿಯ ಬೇಲಿ ಇತ್ತು. ಗಿರಣಿಗೆ ಬೇಕಾದದ್ದು ಓಡಿಹೋಗದ ಕೂಲಿ. ಸರ್ಕಾರಕ್ಕೆ ಬೇಕಾದದ್ದು ಕಣ್ಣೆದುರಿಗಿರುವ ಜನ. ಮಿಶನ್ನಿಗೆ ಬೇಕಾದದ್ದು ತಿದ್ದಲ್ಪಟ್ಟ ಆತ್ಮಗಳು. ಮೂವರಿಗೂ ಬೇಕಾದದ್ದು ಒಂದೇ ಕಡೆ ಸಿಕ್ಕಿತು. ಸಿಕ್ಕದೆ ಹೋದದ್ದು, ಒಳಗಿದ್ದವರಿಗೆ ಏನು ಬೇಕು ಎಂಬ ಒಂದು ಪ್ರಶ್ನೆ. ನಾಲ್ಕು ತಲೆಮಾರು ಉಪ್ಪಿನ ವ್ಯಾಪಾರ ಮಾಡಿ, ಊರೂರಿನ ಧಾರಣೆಯನ್ನು ಬಾಯಲ್ಲಿ ಇಟ್ಟುಕೊಂಡಿದ್ದ ಮನುಷ್ಯನನ್ನು ನೂಲಿನ ಯಂತ್ರದ ಮುಂದೆ ನಿಲ್ಲಿಸಿದಾಗ, ಅವನಲ್ಲಿದ್ದ ವಿದ್ಯೆಯನ್ನು ವಿದ್ಯೆಯೆಂದು ಯಾರೂ ಎಣಿಸಲಿಲ್ಲ.

ಯೆರಿಕೋವಿನ ದಾರಿಬದಿಯ ಕುರುಡ ಬಾರ್ತಿಮಾಯನ ಪ್ರಸಂಗವನ್ನು ನಾವೆಲ್ಲರೂ ಆರಾಧನೆಯಲ್ಲಿ ಅನೇಕ ಸಲ ಕೇಳಿದ್ದೇವೆ. ಅವನು ಕುರುಡನೆಂಬುದು ಅಲ್ಲಿದ್ದ ಎಲ್ಲರಿಗೂ ಕಾಣುತ್ತಿತ್ತು. ಆದರೂ ಯೇಸುಸ್ವಾಮಿ ಅವನನ್ನು ಹತ್ತಿರ ಕರೆಸಿ, ತನ್ನಿಂದ ಅವನಿಗೆ ಏನಾಗಬೇಕೆಂದು ಮೊದಲು ಕೇಳುತ್ತಾರೆ. ಅದೇ ಸುವಾರ್ತೆಯನ್ನು ಪ್ರತಿದಿನ ಓದುತ್ತಿದ್ದ ವಸಾಹತುಗಳಲ್ಲಿ ಆ ಪ್ರಶ್ನೆ ಕೇಳಿಬರದೆ ಹೋದದ್ದು ನಮ್ಮ ಸಭೆಗಳ ಚರಿತ್ರೆಯಲ್ಲಿ ಬರೆದಿಡಬೇಕಾದ ಸಂಗತಿ. ಮಿಶನರಿಗಳ ಸೇವೆಯ ಶತಮಾನೋತ್ಸವ ಸಂಚಿಕೆಗಳಲ್ಲಿ ಶಾಲೆ, ಆಸ್ಪತ್ರೆಗಳ ಚಿತ್ರಗಳನ್ನು ಅಚ್ಚು ಹಾಕುವ ನಾವು ಈ ಪುಟವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತೇವೆ.

1936ರಲ್ಲಿ ಜವಾಹರಲಾಲ್ ನೆಹರು ನೆಲ್ಲೂರಿನಲ್ಲಿ ಈ ಕಾಯ್ದೆಯನ್ನು ಕಟುವಾಗಿ ಖಂಡಿಸಿದರು. ಮದ್ರಾಸ್ ಪ್ರಾಂತ್ಯವು 1947ರಲ್ಲಿ ಅದನ್ನು ರದ್ದುಗೊಳಿಸಿತು. ಆಗಿನ್ನೂ ಮದ್ರಾಸಿಗೆ ಸೇರಿದ್ದ ಕೋಗಳಿ ಸೀಮೆಗೆ ಬಿಡುಗಡೆ ಹಾಗೆ ಬಂದಿತು. ಅನಂತಶಯನಂ ಅಯ್ಯಂಗಾರ್ ಸಮಿತಿಯ ವರದಿಯ ನಂತರ 1952ರ ಆಗಸ್ಟ್ 31ರಂದು ಇಡೀ ದೇಶದಲ್ಲಿ ಕಾಯ್ದೆ ಕೊನೆಗೊಂಡಿತು. ಇಂದಿಗೂ ಆ ದಿನವನ್ನು ಈ ಸಮುದಾಯಗಳು ವಿಮುಕ್ತ ದಿನವೆಂದು ಆಚರಿಸುತ್ತವೆ. ಒಂದು ವಿಚಿತ್ರವನ್ನೂ ಹೇಳಬೇಕು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಉಳಿದದ್ದು ಮೈಸೂರಿಗೆ ಬಂದಿತು. ಗಡಿಯ ಆಚೆಗಿರುವ ಸುಗಾಲಿ ಮತ್ತು ಎರುಕುಲರು ಇಂದು ಪರಿಶಿಷ್ಟ ಪಂಗಡ, ಈಚೆಗಿರುವ ಅವರದೇ ಬಂಧುಗಳಾದ ಲಂಬಾಣಿ ಮತ್ತು ಕೊರಚರು ಪರಿಶಿಷ್ಟ ಜಾತಿ. ಮದುವೆ ಸಂಬಂಧ ಬೆಳೆಸುವ ಎರಡು ತಾಂಡಾಗಳ ಮಕ್ಕಳು ಕಚೇರಿಯಲ್ಲಿ ಬೇರೆ ಬೇರೆ ಅರ್ಜಿ ತುಂಬುತ್ತಾರೆ.

ಕಾನೂನು ಹೋದರೂ ಹೆಸರು ಸುಲಭವಾಗಿ ಹೋಗಲಿಲ್ಲ. ರೂಢಿಗತ ಅಪರಾಧಿಗಳ ಕಾನೂನುಗಳು ಅದರ ಜಾಗಕ್ಕೆ ಬಂದವು. ಕೆಲವು ಸೆರೆಮನೆಗಳ ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ, ವಿಮುಕ್ತ ಬುಡಕಟ್ಟಿನವರನ್ನು ಅನುಮಾನದಿಂದ ಕಾಣುವ ನಿಯಮಗಳು ಉಳಿದೇ ಇದ್ದವು. ಸರ್ವೋಚ್ಚ ನ್ಯಾಯಾಲಯ ಅವುಗಳನ್ನು ಅಸಾಂವಿಧಾನಿಕವೆಂದು ತೀರ್ಪಿತ್ತದ್ದು 2024ರ ಅಕ್ಟೋಬರಿನಲ್ಲಿ. ಹೀಗಿರುವಾಗ ಕೈಯಲ್ಲಿ ಪಟ್ಟಿ ಹಿಡಿದು ತಾಂಡಾಕ್ಕೆ ಬರುವವರನ್ನು ಕಂಡು ಹಿರಿಯರು ಒಳಗೆ ಸರಿದರೆ ಅದನ್ನು ಅಜ್ಞಾನವೆನ್ನಲಾದೀತೇ?

ಇನ್ನು ಬೇರೆ ಬಗೆಯ ಪ್ರಯತ್ನಕ್ಕೆ ಬರೋಣ. ಕೂಡ್ಲಿಗಿಗೆ ಹತ್ತಿರದ ಸಂಡೂರಿನಲ್ಲಿ 1984ರಲ್ಲಿ ಎಂ.ವೈ. ಘೋರ್ಪಡೆಯವರು ಸಂಡೂರು ಕುಶಲ ಕಲಾ ಕೇಂದ್ರವನ್ನು ಆರಂಭಿಸಿದರು. ಅಲ್ಲಿ ಲಂಬಾಣಿ ಹೆಂಗಸರಿಗೆ ಹೊಸ ಕಸುಬನ್ನು ಹೊರಗಿನಿಂದ ತಂದು ಕಲಿಸಲಿಲ್ಲ. ಪೇಟಿಯಾ, ಕಾಂಚಳಿಗಳ ಮೇಲೆ ಕನ್ನಡಿ, ಕವಡೆ, ಬಣ್ಣದ ನೂಲುಗಳಿಂದ ಅವರು ತಮಗಾಗಿ ಹಾಕಿಕೊಳ್ಳುತ್ತಿದ್ದ ಹೊಲಿಗೆಯನ್ನೇ ಜೀವನೋಪಾಯಕ್ಕೆ ತಿರುಗಿಸಿದರು. ಕಿಲನ್, ವೇಲೆ, ಬಕ್ಯಾ, ಮಾಕಿ, ಭೂರಿಯಾ, ಜೋಲ್ಯಾ, ನಕ್ರಾ ಎಂದು ಒಂದೊಂದು ಹೊಲಿಗೆಗೂ ಅವರ ಭಾಷೆಯಲ್ಲಿ ಹೆಸರಿದೆ. ತಾಯಿಯಿಂದ ಮಗಳಿಗೆ ಬಂದ ಈ ಕೈಚಳಕಕ್ಕೆ ಬರವಣಿಗೆ ಇಲ್ಲ, ನಕ್ಷೆ ಇಲ್ಲ. ಸುಶೀಲನಗರದ ಹೆಂಗಸರ ಈ ಕಸೂತಿಗೆ ಮುಂದೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಸಿದ್ಧಪಡಿಸಿದ 1,755 ಕಸೂತಿ ತುಣುಕುಗಳ ಪ್ರದರ್ಶನವು ಗಿನ್ನೆಸ್ ದಾಖಲೆಗೆ ಸೇರಿತು. ದಾಖಲೆಗಿಂತ ಮುಖ್ಯವಾದದ್ದು, ಆ ಹೆಂಗಸು ತನ್ನ ಮನೆಯ ಕಟ್ಟೆಯ ಮೇಲೆ ಕುಳಿತೇ ದುಡಿಯಬಲ್ಲಳು ಎಂಬುದು. ಕಾಲಿನ ಬಲವಿಲ್ಲದವಳಿಗೂ ಅದು ಸಾಧ್ಯ.

ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವೂ ಇದೇ ಪಾಠ ಹೇಳುತ್ತದೆ. ವೈದ್ಯರಾಗಿ ಸೋಲಿಗರ ನಡುವೆ ಹೋದವರು ಶಾಲೆಯನ್ನೂ ಕಸುಬಿನ ತರಬೇತಿಯನ್ನೂ ಆರಂಭಿಸಬೇಕಾಯಿತು, ಏಕೆಂದರೆ ಅಭಯಾರಣ್ಯವಾದ ಮೇಲೆ ಸೋಲಿಗರ ಬೇಸಾಯ ನಿಂತುಹೋಗಿತ್ತು. 2011ರಲ್ಲಿ ಜೇನು, ನೆಲ್ಲಿಕಾಯಿ ಮೊದಲಾದವುಗಳ ಮೇಲೆ ಸಾಮುದಾಯಿಕ ಅರಣ್ಯ ಹಕ್ಕು ಅವರಿಗೆ ದೊರೆತಾಗ, ಅದು ಎಷ್ಟೋ ತರಬೇತಿ ಶಿಬಿರಗಳಿಗಿಂತ ದೊಡ್ಡ ವೃತ್ತಿ ಪುನರ್ವಸತಿಯಾಯಿತೆಂದು ನಾನು ಎಣಿಸುತ್ತೇನೆ.

ಹೊರದೇಶದಲ್ಲಿಯೂ ಇಂಥದೇ ಅನುಭವವಿದೆ. ಅಮೆರಿಕದಲ್ಲಿ ಮೊದಲ ಮಹಾಯುದ್ಧದ ಗಾಯಾಳು ಸೈನಿಕರಿಗಾಗಿ 1918ರಲ್ಲಿ ವೃತ್ತಿ ಪುನರ್ವಸತಿ ಕಾನೂನು ಬಂದಿತು. 1920ರಲ್ಲಿ ಅದು ನಾಗರಿಕರಿಗೂ ವಿಸ್ತರಿಸಿತು. ಆದರೆ ಮೂಲನಿವಾಸಿ ಇಂಡಿಯನ್ನರ ಬುಡಕಟ್ಟು ಸರ್ಕಾರಗಳು ತಾವೇ ಈ ಸೇವೆಯನ್ನು ನಡೆಸಲು ಅನುದಾನ ಪಡೆಯುವ ಅವಕಾಶ ಕಾನೂನಿನಲ್ಲಿ ಬಂದದ್ದು 1978ರಲ್ಲಿ. ನವಾಹೋ ಜನಾಂಗ ಅದರಲ್ಲಿ ಮುಂದಾಳು. ಸಲಹೆಗಾರನು ಅವರದೇ ಭಾಷೆಯಾಡುವವನಾಗಿರಬೇಕು, ಹಬ್ಬ ಹರಿದಿನ, ಕುಲದ ಹಿರಿಯರ ಮಾತು ಇವೆಲ್ಲ ಲೆಕ್ಕಕ್ಕೆ ಬರಬೇಕು ಎಂಬ ತಿಳಿವಳಿಕೆಗೆ ಅರವತ್ತು ವರ್ಷ ಹಿಡಿಯಿತು.

ನಮ್ಮ ದೇಶದಲ್ಲಿ ಅಂಗವಿಕಲರ ವೃತ್ತಿ ಪುನರ್ವಸತಿ ಕೇಂದ್ರಗಳು 1968ರಲ್ಲಿ ಮುಂಬಯಿ ಮತ್ತು ಹೈದರಾಬಾದಿನಲ್ಲಿ ಆರಂಭವಾದವು, ಅನಂತರ ಬೆಂಗಳೂರಿಗೂ ಬಂದವು. ಆದರೆ ಹಡಗಲಿಯ ತಾಂಡಾದಿಂದ ಬೆಂಗಳೂರಿಗೆ ಒಂದು ರಾತ್ರಿಯ ಬಸ್ಸು. ಆ ದೂರವನ್ನು ನಿಜವಾಗಿ ತುಂಬಿದವರು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಜನ ಅವರನ್ನು ವಿ.ಆರ್.ಡಬ್ಲ್ಯೂ. ಎಂದೇ ಕರೆಯುತ್ತಾರೆ. ಸ್ವತಃ ಅಂಗವಿಕಲರಾದವರನ್ನೇ ಈ ಕೆಲಸಕ್ಕೆ ಆರಿಸಲಾಗುತ್ತದೆ. ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಇವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಅದನ್ನು ಹೆಚ್ಚಿಸಿರೆಂದು ಅವರು ಪದೇ ಪದೇ ಧರಣಿ ಕುಳಿತದ್ದನ್ನು ಪತ್ರಿಕೆಗಳಲ್ಲಿ ತಾವು ಓದಿರಬಹುದು. 1995ರ ಕಾಯ್ದೆಯು ಏಳು ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತ್ತು, 2016ರ ಕಾಯ್ದೆ 21 ಬಗೆಗಳನ್ನು ಗುರುತಿಸುತ್ತದೆ. ಕಾರ್ಯಕರ್ತನ ಹೊರೆಯೂ ಹೆಚ್ಚಿದೆ ಎಂದಾಯಿತು.

ಈ ಕೆಲಸದಲ್ಲಿ ಸಲಹೆ ಎಂದರೆ ಏನು ಎಂಬುದಕ್ಕೆ ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಿ. ಕಲ್ಲುಕ್ವಾರಿಯಲ್ಲಿ ಕಾಲು ಕಳೆದುಕೊಂಡ ತಾಂಡಾದ ಗೃಹಸ್ಥರೊಬ್ಬರಿದ್ದಾರೆ. ಒಂದು ಕಾಲದಲ್ಲಿ ಇಂಥವರಿಗೆಲ್ಲ ಎಸ್.ಟಿ.ಡಿ. ಬೂತ್ ಎಂಬುದೇ ಸಿದ್ಧ ಉತ್ತರವಾಗಿತ್ತು. (ಮೊಬೈಲು ಬಂದು ಆ ಬೂತುಗಳೆಲ್ಲ ಮುಚ್ಚಿದವು, ಎಷ್ಟೋ ಮಂದಿ ಅಂಗವಿಕಲರು ಎರಡನೆಯ ಬಾರಿ ನಿರುದ್ಯೋಗಿಗಳಾದರು. ಅವರ ಕುರಿತು ಯಾರೂ ಬರೆಯಲಿಲ್ಲ.) ಈಗ ಹೊಲಿಗೆ ಯಂತ್ರವೋ ತ್ರಿಚಕ್ರ ವಾಹನವೋ ಪಟ್ಟಿಯಲ್ಲಿರುತ್ತದೆ. ತಿಳಿದ ಸಲಹೆಗಾರನಾದರೆ ಮೊದಲು ಆ ಪಟ್ಟಿಯನ್ನು ಚೀಲದೊಳಗೆ ಇಡುತ್ತಾನೆ. ಅವರ ಗೋರ್ ಬೋಲಿಯಲ್ಲಿ ನಾಲ್ಕು ಮಾತಾದರೂ ಆಡುತ್ತಾನೆ. ನಾಯಕನಿಗೂ ಕಾರಭಾರಿಗೂ ತಿಳಿಸಿ ತಾಂಡಾದೊಳಗೆ ಬರುತ್ತಾನೆ. ನಿಮ್ಮ ಕೈಗೆ ಬರುವ ಕಸುಬು ಯಾವುದು ಎಂದು ಕೇಳಿದರೆ ಆ ಗೃಹಸ್ಥರು ಏನೂ ಇಲ್ಲವೆನ್ನಬಹುದು. ಕಾಲ್ನಡೆಯಾಗಿ ಮಾಡುತ್ತಿದ್ದ ಕೂಲಿಯಷ್ಟೇ ಕಸುಬೆಂದು ಅವರೂ ನಂಬಿದ್ದಾರೆ. ಇನ್ನಷ್ಟು ಹೊತ್ತು ಕುಳಿತರೆ, ಸಂತೆಯಲ್ಲಿ ದನ ಕೊಳ್ಳುವವರು ಇಂದಿಗೂ ಇವರನ್ನೇ ಕರೆದೊಯ್ದು ಹಲ್ಲು, ಸುಳಿ, ಕೆಚ್ಚಲು ನೋಡಿಸುತ್ತಾರೆಂಬುದು ಮಾತಿನ ನಡುವೆ ಹೊರಬರುತ್ತದೆ. ಹೇರಿನ ಎತ್ತು ಸಾಕಿದ ಪೂರ್ವಿಕರ ವಿದ್ಯೆ ಅದು. ಆಗ ಸಾಲದ ಅರ್ಜಿಯಲ್ಲಿ ಬರೆಯಬೇಕಾದದ್ದು ಹೊಲಿಗೆ ಯಂತ್ರವಲ್ಲ, ಆಡು ಕುರಿಯೋ ಹೈನೋ ಎಂಬುದು ಇಬ್ಬರಿಗೂ ಸ್ಪಷ್ಟವಾಗುತ್ತದೆ.

ನಮ್ಮ ವಿಚಾರಣೆಗಳಲ್ಲಿ ಸಮಾಜಕಾರ್ಯ ಓದುತ್ತಿರುವ ಯುವಕ ಯುವತಿಯರಿದ್ದಾರೆ. ಅವರಿಗೆ ಆಸ್ಪತ್ರೆ, ಶಾಲೆಗಳ ಕೆಲಸ ಪರಿಚಿತ, ಇದು ಪರಿಚಿತವಲ್ಲ. ಹೆಸರು ಬರುವ ಕೆಲಸವಲ್ಲ, ಬೇಗ ಫಲ ಕಾಣುವ ಕೆಲಸವೂ ಅಲ್ಲ. ಹಿಂದೊಮ್ಮೆ ಇದೇ ಜನರ ನಡುವೆ ಮಿಶನ್ನಿನ ಹೆಸರಿನಲ್ಲಿ ಹಾಜರಿ ಪುಸ್ತಕ ಹಿಡಿದು ನಿಂತವರ ನೆನಪು ಇನ್ನೂ ಆರಿಲ್ಲವಾದ್ದರಿಂದ, ಕ್ರೈಸ್ತ ಮನೆಯಿಂದ ಹೋಗುವವರು ಅಲ್ಲಿ ಮಾತಾಡುವುದಕ್ಕಿಂತ ಕೇಳಿಸಿಕೊಳ್ಳುವುದೇ ಹೆಚ್ಚಾಗಿರಬೇಕು.

ಒಂದು ವ್ಯಾವಹಾರಿಕ ಸಂಗತಿಯನ್ನು ಮಾತ್ರ ತಿಳಿದಿರಲಿ. ಹಿಂದೆ ತಾಂಡಾ ಬಿಟ್ಟು ಹೊರಟವರ ಪ್ರತಿಯೊಂದು ಹೆಜ್ಜೆಯೂ ಪೊಲೀಸರ ಪುಸ್ತಕದಲ್ಲಿ ದಾಖಲಾಗಬೇಕಿತ್ತು. ಇಂದು ಕೂಡ್ಲಿಗಿ, ಹರಪನಹಳ್ಳಿ ಕಡೆಯ ತಾಂಡಾಗಳಿಂದ ಮಂಡ್ಯದ ಕಬ್ಬಿನ ಗದ್ದೆಗಳಿಗೆ, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಗುಳೆ ಹೋಗುವ ಕುಟುಂಬಗಳು ಎಲ್ಲಿವೆಯೆಂದು ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ. ಶಿಬಿರದ ದಿನ ಹಾಜರಿಲ್ಲದವರಿಗೆ ಅಂಗವೈಕಲ್ಯದ ಪ್ರಮಾಣಪತ್ರ ಸಿಗುವುದು ತಡವಾಗಬಹುದು, ಪ್ರಮಾಣಪತ್ರ ಇಲ್ಲದವರಿಗೆ ಮಾಸಾಶನ ಇಲ್ಲ. ಆದ್ದರಿಂದ ತಾಂಡಾದ ಮನೆಮನೆಯ ಭೇಟಿಯನ್ನು ದೀಪಾವಳಿಯೊಳಗೆ ಮುಗಿಸಬೇಕು. ಹುಡುಗಿಯರು ದೀಪ ಹಿಡಿದು ಮನೆಯಿಂದ ಮನೆಗೆ 'ಮೇರಾ' ಹಾಡುತ್ತ ಹೋಗುವ ಆ ರಾತ್ರಿ ಎಲ್ಲರೂ ಊರಿನಲ್ಲಿರುತ್ತಾರೆ. ಹಬ್ಬ ಕಳೆದ ವಾರ ಹೋದರೆ ಅನೇಕ ಮನೆಗಳಲ್ಲಿ ಸಿಗುವವರು ಮುದುಕರು, ಶಾಲೆಯ ಮಕ್ಕಳು ಮತ್ತು ಗುಳೆ ಹೋಗಲಾರದವರು.